ಬರಹಗಾರ್ತಿ ಆಗಬೇಕು ಅಂದುಕೊಂಡಿದ್ದೆ, ರೈಟರ್ ಆದೆ

ಪುಟ ಮಡಿಚೋಳು | 2024 ಜೂನ್ 23

ಈ ಪುಸ್ತಕದ ಚರ್ಚೆಯ ಕಡೆ ಬಂದು ಎಷ್ಟೋ ತಿಂಗಳಾಯಿತು. ಹೋದ ವರ್ಷ ಇದೇ ಹೊತ್ತಿಗೆ "ವರ್ಷಕ್ಕೆ 50 ಪುಸ್ತಕ" ಎಂದು ಜಂಬ ಕೊಚ್ಚಿದವಳು ನಾನೇ. ನೀವು ಲೆಕ್ಕ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಜನವರಿಯಿಂದ ಪೂರ್ತಿ ಓದಿದ್ದು ಎರಡು. ಅದರಲ್ಲಿ ಒಂದು ಪಂಪ್‌ಸೆಟ್ಟಿನ ಜೊತೆ ಬಂದ ಕೈಪಿಡಿ.

ಫೆಬ್ರವರಿಯಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಕಣದಲ್ಲಿ ಕಾಫಿ ಕೆದಕುತ್ತಿದ್ದವರು ಹಾಗೇ ಕೂತುಬಿಟ್ಟರಂತೆ. ಬಿಸಿಲಿಗೆ ಸುಸ್ತಾಗಿರಬೇಕು ಎಂದು ಅವ್ವ ಬೆಲ್ಲದ ಕಾಫಿ ತಂದಿದ್ದಾರೆ. ಬಲಗೈಯಿಂದ ಲೋಟ ಜಾರಿ ಬಿದ್ದಾಗಲೇ ಗೊತ್ತಾಗಿದ್ದು. ಜೀಪು ಸಿಕ್ಕಿ, ಮಡಿಕೇರಿ ಮುಟ್ಟಿ, ಅಲ್ಲಿಂದ 120 ಕಿಲೋಮೀಟರ್ ಮೈಸೂರಿಗೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತೂ ಹೋಯಿತು.

ಬೆಂಗಳೂರಿನಲ್ಲಿ ನನ್ನದು ಪ್ರೂಫ್ ನೋಡುವ ಕೆಲಸ. 11 ವರ್ಷ ಮಾಡಿದ್ದೆ. ಊರಿಂದಲೇ ಮಾಡುತ್ತೇನೆ ಎಂದು ಕೇಳಿದೆ, ಆಗಲ್ಲ ಅಂದರು. ಬಿಟ್ಟು ಬಂದೆ. ನಮ್ಮದು ಕೊಡಗಿನ ಚೇರಂಬಾಣೆ ಕಡೆ ನಾಲ್ಕು ಎಕರೆ ರೊಬಸ್ಟಾ ಕಾಫಿ. ಔಷಧಿ, ಫಿಸಿಯೋಥೆರಪಿ, ಮೈಸೂರಿನ ಓಡಾಟ ಎಲ್ಲಕ್ಕೂ ಅದು ಸಾಲುವುದಿಲ್ಲ. ಪಕ್ಕದ ದೊಡ್ಡ ತೋಟದವರು ಬಂದು, "ಲೆಕ್ಕ ಬರುತ್ತಲ್ಲ, ನಮ್ಮಲ್ಲಿ ರೈಟರ್ ಆಗಿ ಬಾ" ಅಂದರು.

ಹೊರಗಿನವರಿಗೆ ಒಂದು ಮಾತು: ಕಾಫಿ ತೋಟದಲ್ಲಿ ರೈಟರ್ ಅಂದರೆ ಕತೆ ಬರೆಯುವವರಲ್ಲ. ಬೆಳಿಗ್ಗೆ ಎಂಟಕ್ಕೆ ಚೆಕ್‌ರೋಲ್ ಹಿಡಿದು ಆಳುಗಳ ಹೆಸರು ಕೂಗುವವರು. ಯಾರು ಬಂದರು, ಯಾರು ಅರ್ಧ ದಿನ, ಯಾವ ಬ್ಲಾಕಿನಲ್ಲಿ ಏನು ಕೆಲಸ, ಎಷ್ಟು ಗೊಬ್ಬರ ಹೋಯಿತು ಎಂದು ಬರೆದಿಡುವವರು. ಕಾಲೇಜಿನಲ್ಲಿ ಎಲ್ಲರಿಗೂ "ರೈಟರ್ ಆಗುತ್ತೇನೆ" ಎಂದು ಹೇಳಿಕೊಂಡು ತಿರುಗಿದ್ದೆ. ಮಾತು ಉಳಿಸಿಕೊಂಡಿದ್ದೇನೆ.

ಈಗ ನಿಜವಾದ ಪ್ರಶ್ನೆ. ಬೆಂಗಳೂರಿಂದ 14 ಡಬ್ಬ ಪುಸ್ತಕ ತಂದೆ. ಮಳೆ ಶುರುವಾಗಿ ಮೂರು ವಾರಕ್ಕೇ ಬೂಷ್ಟು ಹಿಡಿದಿದೆ. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ 80ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಆಗ ಅರ್ಧ ತಿಂಗಳ ಸಂಬಳ ಹಾಕಿ ಕೊಂಡಿದ್ದ ಕಟ್ಟಿಗೇ ಮೊದಲು ಹಿಡಿದಿದ್ದು. ಏನು ಮಾಡಲಿ?

ಗೋಣಿಕೊಪ್ಪ ಗುಬ್ಬಿ | 2024 ಜೂನ್ 23

ಅಕ್ಕಾ, ಸತ್ತೇ ಹೋದಿರೇನೋ ಅಂದುಕೊಂಡಿದ್ದೆವು. ಅಪ್ಪ ಈಗ ಹೇಗಿದ್ದಾರೆ? ಪುಸ್ತಕ ಆಮೇಲೆ ನೋಡೋಣ.

ಹಳೇ ಪೇಪರ್ | 2024 ಜೂನ್ 24

ಪುಸ್ತಕವನ್ನು ಆಮೇಲೆ ನೋಡಿದರೆ ಪುಸ್ತಕ ಇರುವುದಿಲ್ಲ. ನಾನು 30 ವರ್ಷ ಬೈಂಡಿಂಗ್ ಮಾಡಿದವನು, ಹೇಳುತ್ತೇನೆ ಕೇಳಿ.

ಮೊದಲು ಪ್ಲಾಸ್ಟಿಕ್ ಕವರ್ ತೆಗೆಯಿರಿ. ಜೋಪಾನ ಮಾಡುತ್ತೇವೆ ಎಂದು ಎಲ್ಲರೂ ಸುತ್ತಿಡುತ್ತಾರೆ, ಒಳಗಿನ ತೇವ ಒಳಗೇ ಬೇಯುತ್ತದೆ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ, ಗಾಳಿ ಆಡಬೇಕು. ಕಪಾಟಿನ ಕೆಳಗಿನ ಮೂಲೆಯಲ್ಲಿ ಹಳೇ ಕಾಲದ 40 ವ್ಯಾಟಿನ ಹಳದಿ ಬಲ್ಬ್ ಉರಿಸಿ, ಕಾಗದಕ್ಕೆ ತಾಗದ ಹಾಗೆ. ಎಲ್‌ಇಡಿ ಹಾಕಿ "ಕೆಲಸ ಮಾಡಲಿಲ್ಲ" ಎನ್ನಬೇಡಿ, ಅದಕ್ಕೆ ಬಿಸಿಯೇ ಇಲ್ಲ.

ಬೂಷ್ಟು ಹಿಡಿದಿದ್ದನ್ನು ಮನೆಯ ಹೊರಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣ ಬಟ್ಟೆಯಲ್ಲಿ ಒರೆಸಿ. ನೆರಳಲ್ಲಿ ಗಾಳಿಗೆ ಬಿಡಿ. ಸುಡುಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗುತ್ತದೆ. ಜೂನ್‌ನಲ್ಲಿ ನಿಮಗೆ ಆ ಚಿಂತೆ ಇಲ್ಲ ಬಿಡಿ. ಪೂರ್ತಿ ಒದ್ದೆಯಾದವು ಜಾಸ್ತಿ ಇದ್ದರೆ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿಡಿ. ತಣ್ಣಗಿದ್ದರೆ ಬೂಷ್ಟು ಬೆಳೆಯುವುದಿಲ್ಲ. ಬಿಡುವಾದಾಗ ಒಂದೊಂದೇ ತೆಗೆದು, ಪುಟಗಳ ನಡುವೆ ನ್ಯೂಸ್‌ಪೇಪರ್ ಇಟ್ಟು ಒಣಗಿಸಬಹುದು.

ಗೋಣಿಕೊಪ್ಪ ಗುಬ್ಬಿ | 2024 ಜೂನ್ 24

ಬೇವಿನ ಸೊಪ್ಪು?

ಹಳೇ ಪೇಪರ್ | 2024 ಜೂನ್ 24

ಅದು ಹುಳಕ್ಕೆ, ಬೂಷ್ಟಿಗಲ್ಲ. ಅದೂ ಒಣಗಿದ ಸೊಪ್ಪು. ಹಸಿ ಸೊಪ್ಪು ಇಟ್ಟರೆ ನೀವೇ ತೇವ ತಂದು ಕೊಟ್ಟ ಹಾಗೆ.

ಕುಶಾಲನಗರದ ಮೇಷ್ಟ್ರು | 2024 ಜೂನ್ 25

ತಂಗಿ, ಓದಿ ಬೇಜಾರಾಯಿತು. ನನ್ನ ತಮ್ಮನಿಗೂ ಹೀಗೇ ಆಗಿತ್ತು. ಬೇರೆಯವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತೇನೆ. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಮುಖ ಸೊಟ್ಟಗಾದರೆ, ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಕಾಫಿ, ನೀರು ಏನೂ ಕೊಡದೆ ಹೊರಡಬೇಕು. ನುಂಗಲು ಆಗದೆ ಶ್ವಾಸಕ್ಕೆ ಹೋಗಬಹುದು. ನಿಮ್ಮ ಅವ್ವನ ತಪ್ಪಲ್ಲ, ನಮ್ಮ ಮನೆಯಲ್ಲೂ ನೀರು ಕುಡಿಸಿದ್ದರು. ಕೊಡಗಿನ ದಾರಿಗಳಲ್ಲಿ ಆ ನಾಲ್ಕೂವರೆ ಗಂಟೆ ಎಷ್ಟು ಬೇಗ ಮುಗಿಯುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಮಾತಿಗೆ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಗೆ ತೋರಿಸಿ.

ಪುಟ ಮಡಿಚೋಳು | 2024 ಆಗಸ್ಟ್ 4

ಬಲ್ಬ್ ಹಾಕಿದೆ. ಕರೆಂಟು ಇದ್ದರೆ ತಾನೇ ಉರಿಯುವುದು! ಜುಲೈನಲ್ಲಿ ಒಮ್ಮೆ ಒಂಬತ್ತು ದಿನ ಇರಲಿಲ್ಲ. ಕೊನೆಗೆ ಪುಸ್ತಕಗಳನ್ನು ಒಲೆ ಮೇಲಿನ ಅಟ್ಟಕ್ಕೆ ಏರಿಸಿದೆ. ಎಲ್ಲಕ್ಕೂ ಹೊಗೆ ವಾಸನೆ, ಆದರೆ ಒಣಗಿವೆ. ಹಂದಿಮಾಂಸಕ್ಕೆ ಆಗುವುದು ಕಾದಂಬರಿಗೆ ಯಾಕಾಗಬಾರದು ಅನ್ನುತ್ತಾರೆ ಅವ್ವ.

ಮೇಷ್ಟ್ರೇ, ಮೈಸೂರಿಗೆ ಹೋಗಿ ಬಂದೆವು. ಇದಕ್ಕೆ ಅಫೇಸಿಯಾ ಎನ್ನುತ್ತಾರಂತೆ. ಅಪ್ಪನಿಗೆ ಎಲ್ಲವೂ ಅರ್ಥವಾಗುತ್ತದೆ. ಹೇಳಬೇಕಾದ ಪದ ಮಾತ್ರ ಬಾಯಿಗೆ ಬರುವುದಿಲ್ಲ. ದಿನಾ ಜೋರಾಗಿ ಓದಿ, ಅವರೂ ಜೊತೆಯಲ್ಲಿ ತುಟಿ ಆಡಿಸಲಿ ಎಂದರು. ಒಂದು, ಎರಡು, ಮೂರು ಎಂದು ಎಣಿಸುವುದು, ವಾರದ ಹೆಸರು, ಹಾಡು, ಇಂಥವು ಒಮ್ಮೊಮ್ಮೆ ಮೊದಲು ಬರುತ್ತವಂತೆ.

ಸಂಜೆ ಹೊತ್ತು 'ಶಕ್ತಿ' ಪತ್ರಿಕೆ ಓದಿ ಹೇಳುತ್ತೇನೆ. ಅಪ್ಪನಿಗೆ ಅದಿಲ್ಲದೆ ಬೆಳಗಾಗುತ್ತಿರಲಿಲ್ಲ. ನಾನು ಪ್ರೂಫ್ ನೋಡುವವಳು, ಕಣ್ಣು ಓಡಿಸಿ ಓದಿ ಅಭ್ಯಾಸ. ಜೋರಾಗಿ ಓದುವುದು ಎಷ್ಟು ನಿಧಾನ ಅಂದರೆ, ಮೊದಲ ವಾರ ಕುತ್ತಿಗೆ ಹಿಸುಕಿಕೊಳ್ಳಬೇಕು ಅನ್ನಿಸಿತು.

ಮೊನ್ನೆ ವಯನಾಡಿನ ಸುದ್ದಿ. ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋಯಿತಲ್ಲ. ಅಪ್ಪನಿಗೆ ಯಾಕೆ ಎಂದು ಆ ಪುಟ ಹಾರಿಸಿ ಒಳಪುಟಕ್ಕೆ ಹೋದೆ. ಎಡಗೈಯಿಂದ ಪೇಪರ್ ಹಿಡಿದು ಹಿಂದಕ್ಕೆ ಮಗುಚಿದರು. ಫೋಟೋ ಮೇಲೆ ಬೆರಳಿಟ್ಟು ಕಾದರು. ಪೂರ್ತಿ ಓದಿದೆ. ನನಗೆ ಬೇಡವಾದ್ದನ್ನು ಅವರ ಹೆಸರಲ್ಲಿ ಹಾರಿಸುತ್ತಿದ್ದೆ ಅಂತ ಗೊತ್ತಾಯಿತು.

ನಿನ್ನೆ ಆಟಿ ತಿಂಗಳ ಹದಿನೆಂಟು, ನಮ್ಮಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಅಪ್ಪ ಮದ್ದುಸೊಪ್ಪಿನ ಪಾಯಸ ಎರಡು ಬಟ್ಟಲು ತಿಂದರು. ನೇರಳೆ ಬಣ್ಣದ ಮೀಸೆ!

ನೇರ ನುಡಿ | 2024 ಆಗಸ್ಟ್ 5

ಕಷ್ಟ ಅರ್ಥವಾಗುತ್ತದೆ. ಆದರೆ ಇದು ಪುಸ್ತಕದ ಚರ್ಚೆ ಅಲ್ವಾ? ಪೇಪರ್ ಓದಿದೆ, ಪಾಯಸ ತಿಂದೆ ಎಂದು ಬರೆಯುತ್ತಾ ಹೋದರೆ ಹೇಗೆ?

ಗೋಣಿಕೊಪ್ಪ ಗುಬ್ಬಿ | 2024 ಆಗಸ್ಟ್ 5

ನಿಮಗೆ ಪಾಯಸ ಸಿಗಲಿಲ್ಲ ಅಂತ ಕಾಣುತ್ತದೆ.

ಕುಶಾಲನಗರದ ಮೇಷ್ಟ್ರು | 2024 ಆಗಸ್ಟ್ 7

ಪುಸ್ತಕದ ಚರ್ಚೆಯೇ ಆಗಲಿ. ತಂಗಿ, ಜೋರಾಗಿ ಓದಲು ಸಣ್ಣ ಕತೆ ಒಳ್ಳೆಯದು, ಒಂದು ಕೂತಿಗೆ ಮುಗಿಯುತ್ತದೆ. ಕೊಡಗಿನ ಗೌರಮ್ಮನ ಕತೆಗಳನ್ನು ಓದು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, ಗಂಡ ಸುಂಟಿಕೊಪ್ಪದ ಕಡೆ ತೋಟದಲ್ಲಿ ಮ್ಯಾನೇಜರ್. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆ ಬಿಚ್ಚಿ ಕೊಟ್ಟವರು. ಬರೆಯುವಾಗ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಸಹಿ. 1939ರಲ್ಲಿ ಈಜಲು ಹೋಗಿ ಹೊಳೆಯಲ್ಲಿ ತೀರಿಕೊಂಡಾಗ 27 ವರ್ಷ. 'ಕಂಬನಿ' ಸಂಕಲನಕ್ಕೆ ಬೇಂದ್ರೆ ಮುನ್ನುಡಿ ಇದೆ.

ತೋಟದ ಬಂಗಲೆಯಲ್ಲಿ ಕೂತು ಬರೆದ ಹೆಣ್ಣುಮಗಳು ನಿನಗಿಂತ ಮೊದಲೂ ಇದ್ದರು ಅಂತ ಹೇಳುವುದಕ್ಕೆ ಇಷ್ಟು ಉದ್ದ ಬರೆದೆ.

ಪುಟ ಮಡಿಚೋಳು | 2024 ಅಕ್ಟೋಬರ್ 20

ಮೇಷ್ಟ್ರೇ, ನನಗೆ ಬಂಗಲೆ ಇಲ್ಲ, ಗೊಬ್ಬರದ ಗೋಡೌನಿನ ಪಕ್ಕ ಒಂದು ಮೇಜು ಇದೆ. ಗೌರಮ್ಮ ಮಾತ್ರ ಒಳ್ಳೆ ಜೊತೆ. ವಾರಕ್ಕೆ ಎರಡು ಕತೆ ಓದಿದೆವು. ಸರಳ ಮಾತು, ಜೋರಾಗಿ ಓದುವಾಗ ಎಲ್ಲೂ ಎಡವುವುದಿಲ್ಲ. ಅವ್ವ ಒಲೆ ಹತ್ತಿರದಿಂದಲೇ "ಅವನಿಗೆ ಎರಡು ಬಿಡಬೇಕಿತ್ತು" ಎಂದು ಕತೆಯ ಗಂಡಸರಿಗೆ ಬೈಯುತ್ತಾರೆ. 90 ವರ್ಷದ ಹಿಂದಿನ ಕತೆಗೆ ಇಷ್ಟು ಕೋಪ ಬರುತ್ತದೆ ಅಂದರೆ ಇನ್ನೇನು ವಿಮರ್ಶೆ ಬೇಕು.

ಆದರೆ ಅಪ್ಪನಿಗೆ ಮೊದಲ ಮಾತು ತಂದಿದ್ದು ಕತೆ ಅಲ್ಲ. ಅದನ್ನು ಹೇಳಲೆಂದೇ ಬಂದೆ.

ನಮ್ಮ ಕಡೆ ತೋಟದವರು ಮಳೆ ಅಳೆದು ಬರೆದಿಡುತ್ತಾರೆ. ಸರ್ಕಾರ ಮಿಲಿಮೀಟರ್ ಅಂದರೂ ನಮಗೆ ಇಂಚು, ಸೆಂಟೇ. ನೂರು ಸೆಂಟಿಗೆ ಒಂದು ಇಂಚು. ಅಪ್ಪ 1987ರಿಂದ ಬರೆದಿದ್ದಾರೆ. ಗೊಬ್ಬರದ ಅಂಗಡಿಯವರು ವರ್ಷವರ್ಷ ಕೊಡುವ ಡೈರಿಗಳು, 37. ಪುಸ್ತಕಗಳನ್ನು ಅಟ್ಟಕ್ಕೆ ಏರಿಸುವಾಗ ಅಲ್ಲೇ ಕಂಡವು. ಹೊಗೆಯಲ್ಲಿ ಕಂದಾಗಿವೆ, ಒಂದಕ್ಕೂ ಬೂಷ್ಟು ಇಲ್ಲ.

ಒಂದು ದಿನ ಪೇಪರ್ ಬಂದಿರಲಿಲ್ಲ. ಸುಮ್ನೆ ಒಂದು ಡೈರಿ ತೆಗೆದು ಓದಿದೆ. ಅಪ್ಪ ಅಂಕಿಯ ಪಕ್ಕ ಒಂದೊಂದು ಸಾಲು ಬರೆದಿದ್ದಾರೆ. "ಆನೆ ಬಾಳೆ ಮುರಿಯಿತು." "ಅಮ್ಮ ತೀರಿಕೊಂಡಳು. 2 ಇಂಚು 10." ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದ ದಿನ ಒಂದೇ ಪದ: "ಸಾಕು." ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ: "ಮಗಳು ಫಸ್ಟ್ ಕ್ಲಾಸ್. ಮಳೆ ಇಲ್ಲ."

ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟಿಗೆ ಬಂದೆ. 16ಕ್ಕೆ 11 ಇಂಚು 40. 17ಕ್ಕೆ "ಪಾತ್ರೆ ತುಂಬಿ ಹರಿಯಿತು, ಲೆಕ್ಕ ಇಲ್ಲ." ಆಮೇಲೆ ಮೂರು ದಿನ ಖಾಲಿ. ನಾಲ್ಕನೇ ದಿನ "ಮಕ್ಕಂದೂರಿನವರಿಗೆ ಅಕ್ಕಿ, ಕಂಬಳಿ." ಓದುವಾಗ ನನ್ನ ಗಂಟಲೂ ಸರಿ ಇರಲಿಲ್ಲ. 11 ಇಂಚು ನಾಲ್ಕು ಎಂದುಬಿಟ್ಟೆ.

"ಅಲ್ಲ."

ಏಳು ತಿಂಗಳಲ್ಲಿ ಅಪ್ಪ ಆಡಿದ ಮೊದಲ ಮಾತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅವರು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ, "ಅಲ್ಲ. ನ... ನಲವತ್ತು." ತಪ್ಪು ಓದಿದ್ದಕ್ಕೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಈಗ ಬೇಕೆಂದೇ ತಪ್ಪು ಓದುತ್ತೇನೆ. ಅದೂ ಅವರಿಗೆ ಗೊತ್ತಾಗಿದೆ.

ಗೋಣಿಕೊಪ್ಪ ಗುಬ್ಬಿ | 2024 ಅಕ್ಟೋಬರ್ 20

ಅಕ್ಕಾ, ಬಸ್ಸಿನಲ್ಲಿ ಕೂತು ಓದುತ್ತಿದ್ದೆ. ಪಕ್ಕದವರು ಏನಾಯಿತು ಮಗ ಎಂದು ಕೇಳಿದರು.

ನೇರ ನುಡಿ | 2024 ಅಕ್ಟೋಬರ್ 21

ಸಂತೋಷ. ಆದರೂ ಒಂದು ಮಾತು. ಮಳೆ ಡೈರಿ, ಚೆಕ್‌ರೋಲ್ ಇವನ್ನೆಲ್ಲ 'ಓದು' ಎಂದು ಕರೆಯುವುದು ನಿಮಗೆ ನೀವೇ ಹೇಳಿಕೊಳ್ಳುವ ಸಮಾಧಾನ. ಓದು ಕಡಿಮೆಯಾಯಿತು ಎಂದು ಒಪ್ಪಿಕೊಂಡರೆ ಅವಮಾನವಿಲ್ಲ. ನಾನೂ ಮಗು ಹುಟ್ಟಿದ ಮೇಲೆ ಎರಡು ವರ್ಷ ಏನೂ ಓದಿಲ್ಲ. ಅದನ್ನು ಬೇರೆ ಹೆಸರಿಟ್ಟು ಕರೆಯಲೂ ಇಲ್ಲ.

ಪುಟ ಮಡಿಚೋಳು | 2024 ಅಕ್ಟೋಬರ್ 27

ನೀವು ಹೇಳಿದ್ದು ಅರ್ಧ ಸರಿ. ರಾತ್ರಿ ಒಂದು ಗಂಟೆವರೆಗೆ ಕಾದಂಬರಿ ಹಿಡಿದು, ಬೆಳಿಗ್ಗೆ ಕೆಂಗಣ್ಣಲ್ಲಿ ಆಫೀಸಿಗೆ ಹೋಗುತ್ತಿದ್ದ ಓದು ಹೋಯಿತು. ಅದರ ನೆನಪಾದರೆ ಹೊಟ್ಟೆ ಉರಿಯುತ್ತದೆ. ಚೆಕ್‌ರೋಲ್ ಅದಕ್ಕೆ ಬದಲಿ ಅಲ್ಲ. ಅದು ಬೋರು, ಮತ್ತು ಶನಿವಾರ ಲೆಕ್ಕ ತಪ್ಪಿದರೆ ಬೈಗುಳ.

ಡೈರಿಯ ವಿಷಯ ಮಾತ್ರ ಬಿಟ್ಟುಕೊಡುವುದಿಲ್ಲ. ನಾನು 11 ವರ್ಷ ಬೇರೆಯವರ ಸಾಲುಗಳಿಂದ ಬೇಡದ ಪದ ತೆಗೆದು ಸಂಬಳ ಎಣಿಸಿದವಳು. ಅಪ್ಪನ ಸಾಲಿನಲ್ಲಿ ತೆಗೆಯಲು ಒಂದು ಪದ ಸಿಗಲಿಲ್ಲ.

ಕುಶಾಲನಗರದ ಮೇಷ್ಟ್ರು | 2024 ಡಿಸೆಂಬರ್ 8

ಫೆಂಗಲ್ ಚಂಡಮಾರುತದ ಮಳೆ ನಿಮ್ಮ ಕಡೆ ಏನು ಮಾಡಿತು? ಇಲ್ಲಿ ನೆಂಟರ ಕಣದಲ್ಲಿ ಅರೇಬಿಕಾ ಒದ್ದೆಯಾಗಿದೆ.

ಪುಟ ಮಡಿಚೋಳು | 2025 ಫೆಬ್ರವರಿ 16

ಮೇಷ್ಟ್ರೇ, ಉತ್ತರ ಎರಡು ತಿಂಗಳು ತಡ. ಕುಯ್ಲು! ನಮ್ಮದು ರೊಬಸ್ಟಾ, ಆಗಿನ್ನೂ ಗಿಡದಲ್ಲೇ ಇತ್ತು, ಬಚಾವ್.

ಕುಯ್ಲಿನಲ್ಲಿ ರೈಟರ್ ಕೆಲಸ ಹೇಗೆ ಅಂದರೆ, ಮಧ್ಯಾಹ್ನದ ಮೇಲೆ ಪ್ರತಿಯೊಬ್ಬರ ಚೀಲ ತೂಗಿ ಕೆಜಿ ಬರೆಯಬೇಕು. ಅಸ್ಸಾಮಿನಿಂದ ಬಂದವರ ಹೆಸರು ನಾನು ಕನ್ನಡದಲ್ಲಿ ಬರೆದು ಕೂಗಿದರೆ ಅವರು ನಗುತ್ತಾರೆ. ಆಳುಗಳು ಇರುವ ಲೈನ್ ಮನೆಯ ಒಬ್ಬ ಹುಡುಗಿ ಪುಸ್ತಕದ ಮೇಲೆ ಬಗ್ಗಿ, ತನ್ನ ಹೆಸರು ಯಾವುದು ಎಂದು ಕೇಳಿದಳು. ತೋರಿಸಿದೆ. ಮರುದಿನ ಅದನ್ನು ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದಳು. ಈಗ ಹತ್ತು ಅಕ್ಷರ ಬರುತ್ತದೆ. ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರಲ್ಲಿ 'ಓದುವ ಬೆಳಕು' ಶುರುವಾದಾಗ ಬಂದದ್ದು. ಅವಳನ್ನು ಸೇರಿಸಿದೆ. ಬೂಷ್ಟಿನಿಂದ ಉಳಿದ ಮಕ್ಕಳ ಪುಸ್ತಕ ಎರಡು ಡಬ್ಬ ಅಲ್ಲಿಗೇ ಕೊಟ್ಟೆ. ಎಲ್ಲ ಹೊಗೆ ವಾಸನೆ. ಗ್ರಂಥಾಲಯದವರು ಮೂಸಿ ನೋಡಿ ಏನೂ ಅನ್ನಲಿಲ್ಲ, ಒಳ್ಳೆಯವರು.

ದುಡ್ಡಿನ ಮಾತು: 2024ರ ಏಪ್ರಿಲ್‌ನಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ, 50 ಕೆಜಿಗೆ 10 ಸಾವಿರ ದಾಟಿದಾಗ ನಮ್ಮ ಕೈಯಲ್ಲಿ ಕಾಫಿ ಇರಲಿಲ್ಲ. ಆಸ್ಪತ್ರೆಗೆಂದು ಮಾರ್ಚಿನಲ್ಲೇ ಮಾರಿಬಿಟ್ಟಿದ್ದೆ. ಈ ಸಲ ಕಾಯುತ್ತೇನೆ. ಕಣದಲ್ಲಿ ಅಪ್ಪ ಕುರ್ಚಿ ಹಾಕಿ ಕೂರುತ್ತಾರೆ. ಎಡಗೈಯಲ್ಲಿ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಅಂದರೆ ಒಣಗಿದೆ. ಅನ್ನದಿದ್ದರೆ "ಅಲ್ಲ."

ಹಳೇ ಪೇಪರ್ | 2025 ಫೆಬ್ರವರಿ 17

ಆ ಡೈರಿಗಳ ಬೆನ್ನು ಬಿಟ್ಟಿದೆಯೇ? ಕಳಿಸಿಕೊಡಿ, ಹೊಲಿದು ಕೊಡುತ್ತೇನೆ. ದುಡ್ಡು ಬೇಡ, ಕಾಳುಮೆಣಸು ಸಾಕು.

ಪುಟ ಮಡಿಚೋಳು | 2025 ಮಾರ್ಚ್ 30

ಎಲ್ಲರೂ ಮಡಿಕೇರಿಯಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯ ನೋಡುತ್ತಿದ್ದೀರಿ ಎಂದು ಗೊತ್ತು. 396 ಕುಟುಂಬದ ತಂಡ ಅಂತೆ, ಯಾರ ಮನೆಯಲ್ಲೂ ಜನ ಇರಲಿಕ್ಕಿಲ್ಲ. ಆದರೂ ಹೇಳುತ್ತೇನೆ: ಹೂಮಳೆ ಬಂತು! ಒಂದು ಇಂಚು 30. ಮಳೆ ಅರ್ಧಂಬರ್ಧ ಆದರೆ ಮೊಗ್ಗು ಅರಳದೆ ಕೆಂಪಾಗಿ ಕೆಡುತ್ತದೆ, ಕೆರೆಯಿಂದ ಸ್ಪ್ರಿಂಕ್ಲರ್ ಹಾಕಿ ಡೀಸೆಲ್ ಸುಡಬೇಕು. ಈ ಸಲ ಡೀಸೆಲ್ ಉಳಿಯಿತು. ಇನ್ನೊಂದು ವಾರಕ್ಕೆ ತೋಟ ಬೆಳ್ಳಗೆ. 15, 20 ದಿನದಲ್ಲಿ ಹಿಂದಿನಿಂದ ಇನ್ನೊಂದು ಮಳೆ ಬರಬೇಕು, ಕಾಯಿ ಕಚ್ಚಲು.

ಡೈರಿಯಲ್ಲಿ ನಾನು "ಹೂಮಳೆ, ಮನಸ್ಸು ತುಂಬಿತು" ಎಂದು ಬರೆದೆ. ಅಪ್ಪ ನೋಡಿದರು. ಪೆನ್ನು ಕಿತ್ತುಕೊಂಡು ಎಡಗೈಯಲ್ಲಿ ಸೊಟ್ಟಗೆ ಗೀಟು ಹೊಡೆದರು, ಪೂರ್ತಿ ಸಾಲಿಗೆ. ಬಾಯಲ್ಲಿ "ಸಾಕು" ಅಂದರು. ಅದನ್ನು ಬರೆ ಎಂದು ಹೇಳಿದ್ದೋ, ನನ್ನ ಬರವಣಿಗೆಗೆ ಹೇಳಿದ್ದೋ ಗೊತ್ತಾಗಲಿಲ್ಲ.

ನೇರ ನುಡಿ | 2025 ಮಾರ್ಚ್ 31

ನಿಮ್ಮ ಅಪ್ಪ ನನ್ನ ಪಕ್ಷ.

ಗೋಣಿಕೊಪ್ಪ ಗುಬ್ಬಿ | 2025 ಮೇ 21

ಇಂಟರ್‌ನ್ಯಾಷನಲ್ ಬೂಕರ್!!! ಬಾನು ಮುಷ್ತಾಕ್! ಅನುವಾದ ನಮ್ಮ ಮಡಿಕೇರಿಯ ದೀಪಾ ಭಾಸ್ತಿ! ಅಕ್ಕಾ ಎಲ್ಲಿದ್ದೀರಿ?

ಕುಶಾಲನಗರದ ಮೇಷ್ಟ್ರು | 2025 ಮೇ 21

ಇದಕ್ಕೂ ಮೊದಲು ದೀಪಾ ಅವರು ಇಂಗ್ಲಿಷಿಗೆ ತಂದಿದ್ದು ಯಾರನ್ನು ಗೊತ್ತೇ? ನಮ್ಮ ಗೌರಮ್ಮನನ್ನು. ಸುಮ್ಮನೆ ಹೇಳಿದೆ.

ಪುಟ ಮಡಿಚೋಳು | 2025 ಮೇ 25

ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದೇನೆ. ಬೂಕರ್ ಸುದ್ದಿ ಓದಿ ಹೇಳಿದಾಗ ಅವ್ವ "ಮಡಿಕೇರಿಯವರಾ? ಯಾರ ಮನೆ?" ಅಂದರು. ಕೊಡಗಿನಲ್ಲಿ ಯಾವ ಪ್ರಶಸ್ತಿ ಬಂದರೂ ಮೊದಲ ಪ್ರಶ್ನೆ ಇದೇ.

ನಿನ್ನೆಯೇ ಕೇರಳಕ್ಕೆ ಮುಂಗಾರು ಬಂತಂತೆ, ಮೇ 24ಕ್ಕೇ. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲಂತೆ. 2009ರ ಡೈರಿ ತೆಗೆದು ನೋಡಿದೆವು. ಮೇ ಕೊನೆಯ ವಾರ: "ಬೇಗ ಬಂತು. ಸೌದೆ ಒಳಗೆ ಹಾಕಿಲ್ಲ." ಈ ವರ್ಷವೂ ಹಾಕಿಲ್ಲ.

ಇನ್ನೊಂದು ಸುದ್ದಿ. ಹಳೇ ಸಹೋದ್ಯೋಗಿಯೊಬ್ಬರು ಮನೆಯಿಂದಲೇ ನೋಡುವ ಪ್ರೂಫ್ ಕೆಲಸ ಕೊಡಿಸಿದ್ದಾರೆ. ರಾತ್ರಿ ಎರಡು ಮೂರು ಗಂಟೆ. ಬೆಂಗಳೂರಿಗೆ ವಾಪಸ್ ಬಾ ಎಂದೂ ಕರೆದರು. ಈ ವರ್ಷ ಆಗಲ್ಲ ಅಂದೆ. ಮುಂದಿನ ವರ್ಷದ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ರೈಟರ್ ಕೆಲಸ ಬಿಡುವುದಿಲ್ಲ, ಆ ಹುಡುಗಿಗೆ ಒತ್ತಕ್ಷರ ಬಾಕಿ ಇದೆ.

ಓದಿದ ಲೆಕ್ಕ: ಜನವರಿಯಿಂದ ಏಳು ಪುಸ್ತಕ, ಎಲ್ಲ ಜೋರಾಗಿ. ಡೈರಿ 1994ರವರೆಗೆ ಬಂದಿದ್ದೇವೆ. 2018ನ್ನು ಆಗಲೇ ಓದಿದ್ದು ಲೆಕ್ಕಕ್ಕಿಲ್ಲ, ಮೊದಲಿಂದ ಓದು ಎಂದು ಅಪ್ಪನ ಹಟ.

ಹಳೇ ಪೇಪರ್ | 2025 ಜೂನ್ 15

ಹೊಲಿದ ಆರು ಡೈರಿ ಶುಕ್ರವಾರ ಮಡಿಕೇರಿ ಸಂತೆಗೆ ಬರುವವರ ಕೈಲಿ ಕಳಿಸಿದ್ದೆ. ಸಿಕ್ಕಿತಾ? ಒಂದು ಡೈರಿಯ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಯಾರೋ ಕತೆ ಬರೆದಿದ್ದಾರೆ, ಚಿಕ್ಕ ಮಕ್ಕಳ ಅಕ್ಷರ. ಅಳಿಸದೆ ಹಾಗೇ ಬಿಟ್ಟಿದ್ದೇನೆ.

ಪುಟ ಮಡಿಚೋಳು | 2025 ಜೂನ್ 16

ಸಿಕ್ಕಿತು. ಅದು ನಾನು ಮೂರನೇ ಕ್ಲಾಸಿನಲ್ಲಿ ಬರೆದಿದ್ದು. ಆನೆ ಬಸ್ಸು ಹತ್ತುವ ಕತೆ. ಕೆಳಗೆ ಅಪ್ಪ ಪೆನ್ನಿನಲ್ಲಿ ಎರಡು ಕಾಗುಣಿತ ತಿದ್ದಿದ್ದಾರೆ. ಮೆಣಸು ಕಳಿಸುತ್ತೇನೆ, ಎರಡು ಕೆಜಿ.

ಕುಶಾಲನಗರದ ಮೇಷ್ಟ್ರು | 2025 ಜೂನ್ 16

ಇವತ್ತು ನಿಮ್ಮ ಕಡೆ ಮಳೆ ಎಷ್ಟು?

ಪುಟ ಮಡಿಚೋಳು | 2025 ಜೂನ್ 16

4 ಇಂಚು 15 ಸೆಂಟು. ಅಪ್ಪನ ಪ್ರಕಾರ 17. ಕರೆಂಟಿಲ್ಲ, ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಲು ಹೋಗುತ್ತಿದ್ದೇನೆ.